ಯಾವಾಗರೆ ಒಮ್ಮೆ ಜಗ್ಗಾಕ

ಹುಬ್ಬಳ್ಳಿ-ಧಾರವಾಡದಲ್ಲಿ ಮಾರಾಟಕ್ಕೆ ನಿಂತ ಯಾವ ಹಳೆಯ ಪಿಕಪ್ ಗಾಡಿಯೂ ಜನ್ಮದಲ್ಲಿ ಭಾರ ಹೊತ್ತದ್ದಲ್ಲ. ಎಲ್ಲವೂ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದಂಥವು. "ವರ್ಷಕ್ಕೊಮ್ಮೆ ಹುಣ್ಣಿವಿಗೆ ಗುಡ್ಡಕ್ಕ ಹೋಗಿ ಬರೋದ್ರೀ ಸರ, ಉಳಿದ ದಿನ ನೆರಳಾಗ ನಿಂತಿರ್ತೈತಿ" ಎಂದು ಏಜೆಂಟ ಹೇಳುತ್ತಿದ್ದಾಗ ನಾನು ಬಾಡಿಯೊಳಗೆ ಇಣುಕಿದೆ. ತಗಡಿನ ತುಂಬ ಇಟ್ಟಿಗೆ ಎಳೆದ ಗೀರು, ಮೂಲೆಯಲ್ಲಿ ಕಲ್ಲಾಗಿ ಕೂತ ಸಿಮೆಂಟು. ಎಲ್ಲಮ್ಮನಿಗೆ ಸಿಮೆಂಟಿನ ನೈವೇದ್ಯ ಯಾವಾಗಿನಿಂದ ಶುರುವಾಯಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನನಗೆ ಗಾಡಿ ಬೇಕಾಗಿದ್ದು ಹೊರಲಿಕ್ಕಲ್ಲ, ಜಗ್ಗಲಿಕ್ಕೆ. ಅದೂ ಯಾವಾಗರೆ ಒಮ್ಮೆ. ಕಲಘಟಗಿ ರಸ್ತೆಗೆ ಅಪ್ಪ ಬಿಟ್ಟುಹೋದ ತುಸು ಹೊಲವಿದೆ, ಅದರಲ್ಲಿ ಆಪೂಸ್ ಸಸಿ ಹಚ್ಚಿದ್ದೇನೆ. ಮೊದಲ ಎರಡು-ಮೂರು ಬೇಸಿಗೆ ನೀರು ಕುಡಿಸಿದರೆ ಆಮೇಲೆ ಅವು ನಮ್ಮ ಹಂಗು ಇಟ್ಟುಕೊಳ್ಳುವುದಿಲ್ಲ. ಬೋರ್ ಇಲ್ಲ. ಎರಡು ಗಾಲಿಯ ಸಣ್ಣ ಟ್ರಾಲಿ ಇದೆ, ಅದರ ಮೇಲೆ ಸಾವಿರ ಲೀಟರಿನ ಪ್ಲಾಸ್ಟಿಕ್ ಟಾಕಿ. ತುಂಬಿದರೆ ನೀರೇ ಒಂದು ಟನ್. ಬಾಡಿಗೆ ಟ್ರ್ಯಾಕ್ಟರಿನವನಿಗೆ ಫೋನು ಮಾಡಿದರೆ "ನಾಳಿ ಬರ್ತೀನ್ರಿ" ಎನ್ನುತ್ತಾನೆ. ಆ ನಾಳೆ ಬರುವಷ್ಟರಲ್ಲಿ ಎಲೆಗಳು ಸುರುಳಿ ಸುತ್ತಿರುತ್ತವೆ.

ಗಾಡಿ ಕೊಳ್ಳುತ್ತೇನೆಂದು ಈ ಊರಲ್ಲಿ ಬಾಯಿ ಬಿಡಬಾರದು. ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ವಿಜಯ ಸಂಕೇಶ್ವರರು ಹುಬ್ಬಳ್ಳಿಗೆ ಬಂದು ಸಾವಿರಾರು ಗಾಡಿಗಳ ವಿಆರ್‌ಎಲ್ ಕಟ್ಟಿದ ಮೇಲಂತೂ, ಇಲ್ಲಿಯ ಪ್ರತಿಯೊಬ್ಬನೂ ತಾನು ಆ ಮೊದಲ ಲಾರಿ ಕೊಳ್ಳದೆ ಕೆಟ್ಟೆನೆಂದೇ ನಂಬಿದ್ದಾನೆ. ಅದಕ್ಕೇ ಸಲಹೆ ಧಾರಾಳ. ಧಾರವಾಡದ ಟಾಟಾ ಕಾರ್ಖಾನೆಯಲ್ಲಿ ಬಂಧುವೊಬ್ಬನಾದರೂ ಇಲ್ಲದ ಮನೆ ನಮ್ಮ ಓಣಿಯಲ್ಲಿಲ್ಲ. ಅವರೆಲ್ಲ ಟಾಟಾ ಏಸ್ ಎಂದರು. 2005ರಲ್ಲಿ ಬಂದ ಮೊದಲ ಏಸ್‌ಗೆ ಎರಡೇ ಸಿಲಿಂಡರು, 16 ಅಶ್ವಶಕ್ತಿ. ಸಂದಿಗೊಂದಿಗಳಲ್ಲಿ ತರಕಾರಿ ಮುಟ್ಟಿಸಲು ಅದನ್ನು ಮೀರಿಸಿದ್ದಿಲ್ಲ. ಆದರೆ ಒಂದು ಟನ್ ನೀರನ್ನು ಏರಿನಲ್ಲಿ ಜಗ್ಗು ಎನ್ನಲು ನನಗೇ ಮರುಕ.

ಗಾಡಿ ನೋಡಲು ಜೊತೆಗೆ ಬಂದ ಮಿಸ್ತ್ರಿ ಬೇರೆಯದೇ ಚಿಂತೆ ಹಚ್ಚಿದ. "ಜಗ್ಗೋದು ದೊಡ್ಡದಲ್ರಿ ಸರ, ನಿಲ್ಲಸೋದು ದೊಡ್ಡದು." ಟ್ರಾಲಿಗೆ ತನ್ನದೇ ಬ್ರೇಕಿಲ್ಲ. ಇಳುಕಲಿನಲ್ಲಿ ಅದು ಹಿಂದಿನಿಂದ ನೂಕುತ್ತದೆ. ಅರ್ಧ ತುಂಬಿದ ಟಾಕಿ ತುಂಬಿದ್ದಕ್ಕಿಂತ ಕೇಡು; ಬ್ರೇಕು ಒತ್ತಿದಾಗ ನೀರು ಮುಂದಕ್ಕೆ ಬಂದು ಗುದ್ದಿ ಮತ್ತೆ ಹಿಂದಕ್ಕೆ ಹೋಗುತ್ತದೆ. ಹೀಗೆ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ ಮಾಸ್ತರನಿಗೆ ಹೇಳುವ ಧಾಟಿಯಲ್ಲೇ ನನಗೆ ಹೇಳಿದ. ನಾನು ಕಲಿಸುತ್ತಿದ್ದುದು ಕನ್ನಡ.

ಕೊನೆಗೆ ಮನಸ್ಸಿಗೆ ಬಂದದ್ದು ಕೆಎ-27 ನಂಬರಿನ, ಅಂದರೆ ಹಾವೇರಿ ಕಡೆಯ, ಒಂದು ಮಹೀಂದ್ರಾ ಪಿಕಪ್. ಮಾಲೀಕ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ವರ್ಷಗಟ್ಟಲೆ ಚೀಲ ಹೊತ್ತ ಬಾಡಿಯ ಬಾಗಿಲು ಇಳಿಸಿದ್ದೇ ತಡ, ಮಿಸ್ತ್ರಿ, ನಾನು, ಚಹಾ ತಂದ ಹುಡುಗ ಸಾಲಾಗಿ ಸೀನಿದೆವು. "ಈ ಗಾಡಿ ಸುಳ್ಳ ಹೇಳಂಗಿಲ್ಲ" ಎಂದು ಮಿಸ್ತ್ರಿ ಮೂಗು ಒರೆಸಿಕೊಂಡ.

ಅಪ್ಪ ಎತ್ತು ನೋಡುತ್ತಿದ್ದುದು ನೆನಪಾಯಿತು. ತುಟಿ ಎತ್ತಿ ಹಲ್ಲು ಎಣಿಸುವುದು: ಎರಡಲ್ಲು, ನಾಲ್ಕಲ್ಲು, ಬಾಯಿಗೂಡಿದ್ದು. ಆಮೇಲೆ ಸುಳಿ. ಕೊನೆಗೆ ಚಕ್ಕಡಿಯ ಗಾಲಿಗೆ ಹಗ್ಗ ಬಿಗಿದು, ಉರುಳದ ಗಾಡಿಗೆ ಎತ್ತು ಹೂಡಿ, "ಹ್ಞಾಂ" ಎನ್ನುವುದು. ಮೊಣಕಾಲೂರಿಯಾದರೂ ಜಗ್ಗಿದ್ದು ಎತ್ತು. ಮಿಸ್ತ್ರಿಯದೂ ಅದೇ ಶಾಸ್ತ್ರ. ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದು ಹೊಗೆ ನೋಡಿದ. ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲುಗಳಿಗೆ ಹಚ್ಚುತ್ತ ಹೋದ. ಎಡಗಡೆ ಒಂದು ಕಡೆ ಅದು ಹಿಡಿಯದೆ ಕೆಳಗೆ ಬಿತ್ತು. "ಪುಟ್ಟಿ ಬಡದಾರ, ಚಿಂತಿಲ್ಲ." ಹಿಂದೆ ಹುಕ್ಕು ಕೂಡುವ ಕಬ್ಬಿಣದ ಪಟ್ಟಿಯ ಕೆಳಗೆ ಮಲಗಿ, ಹಳೆಯ ವೆಲ್ಡಿಂಗ್ ಏನಾದರೂ ಇದೆಯೋ ಎಂದು ಉಗುರಿನಿಂದ ಕೆರೆದ. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಗಾಡಿ ಒಮ್ಮೆ ಜೋರಾಗಿ ನಡುಗಿ ಬಂದ್ ಬಿತ್ತು. ಮಿಸ್ತ್ರಿಯ ಮುಖ ಅರಳಿತು. ಬಂದ್ ಬಿದ್ದರೆ ಕ್ಲಚ್ ಪ್ಲೇಟು ಗಟ್ಟಿ, ಬೀಳದಿದ್ದರೆ ಅದು ಜಾರುತ್ತಿದೆ ಎಂದು ಲೆಕ್ಕವಂತೆ. ಬಂದ್ ಬಿದ್ದದ್ದಕ್ಕೆ ಮೆಚ್ಚುಗೆ ಸಿಗುವುದು ಹಳೆ ಗಾಡಿಗಷ್ಟೇ ಇರುವ ಭಾಗ್ಯ.

ಭಾರತ ಹುಣ್ಣಿಮೆಯ ಹೊತ್ತಿಗೆ ನಮ್ಮ ಕಡೆಯ ಚಕ್ಕಡಿಗಳು ಉಳವಿ ಚನ್ನಬಸವಣ್ಣನ ಜಾತ್ರೆಗೆ ಸಾಲುಗಟ್ಟಿ ಹೊರಡುತ್ತಿದ್ದವು, ಈಗಲೂ ಹೊರಡುತ್ತವೆ. ದಾಂಡೇಲಿ ದಾಟಿದ ಮೇಲೆ ಕಾಡಿನ ಏರು. ಹಿಂದಿನವರ ಎತ್ತು ನಿಂತುಬಿಟ್ಟರೆ ಅಪ್ಪ ನಮ್ಮ ಎತ್ತುಗಳ ಕೊಳ್ಳ ಹರಿದು ಒಯ್ದು, ಅವರ ಜೋಡಿಯ ಮುಂದೆ ಹೂಡುತ್ತಿದ್ದ. ನಾವು ಮಕ್ಕಳು ದಾರಿಯ ಬದಿಗೆ ಇಳಿದು ರೊಟ್ಟಿ-ಚಟ್ನಿ ಬಿಚ್ಚುತ್ತಿದ್ದೆವು. ನಾಲ್ಕೆತ್ತು ಸೇರಿ ಚಕ್ಕಡಿ ಏರಿಸುತ್ತಿದ್ದವು. ಯಾವ ಊರು, ಯಾರ ಪೈಕಿ ಎಂದು ಕೇಳುವುದೆಲ್ಲ ಏರು ಮುಗಿದ ಮೇಲೆ. ಮರಳಿ ಊರಿಗೆ ಬಂದರೆ ಒಬ್ಬರ ಮದುವೆಯ ಕಟ್ಟಿಗೆ, ಇನ್ನೊಬ್ಬರ ತಿಪ್ಪೆಗೊಬ್ಬರ, ಬಾಣಂತನಕ್ಕೆ ಬಂದ ಮಗಳ ಟ್ರಂಕು, ಎಲ್ಲ ನಮ್ಮ ಚಕ್ಕಡಿಯದೇ ಪಾಲು. ಅವ್ವ ಗೊಣಗುತ್ತಿದ್ದಳು, ಅಪ್ಪ ಗಾಲಿಗೆ ಎಣ್ಣೆ ಬಿಡುತ್ತಿದ್ದ.

ಈಗ ನಮ್ಮ ಕಾಲೊನಿಯಲ್ಲಿ ಮನೆಗೆರಡು ಕಾರು. ಒಂದು ಕೆಟ್ಟು ನಿಂತರೆ ಜಗ್ಗಲು ಇಡೀ ಓಣಿಗೆ ಒಂದು ಹಗ್ಗವಿಲ್ಲ. ಕೆಟ್ಟ ಗಾಡಿ ಜಗ್ಗುವಾಗ ಎರಡರ ನಡುವೆ ಐದು ಮೀಟರಿಗಿಂತ ಹೆಚ್ಚು ಬಿಡಬಾರದು, ಗಂಟೆಗೆ 24 ಕಿ.ಮೀ. ಮೀರಬಾರದು ಎಂದು 1989ರ ರಸ್ತೆ ನಿಯಮಗಳಲ್ಲಿ ಬರೆದಿತ್ತು. ಬರೆದ ಪುಣ್ಯಾತ್ಮ ಎಂದೋ ಹಗ್ಗದ ಹಿಂದಿನ ಗಾಡಿಯಲ್ಲಿ ಕೂತು ಬೆವರಿರಬೇಕು.

ಕಾಗದಪತ್ರದ ಕಥೆ ಬೇಡ. ಬ್ಯಾಂಕಿನ ಸಾಲದ ಎಚ್‌ಪಿ ತೆಗೆಸುವುದು, ಫಾರ್ಮ್ 29, ಫಾರ್ಮ್ 30, ಎಂಟು ವರ್ಷ ದಾಟಿದ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ, ಎಲ್ಲ ಆಯಿತು. ಇಷ್ಟವಾದದ್ದು ಒಂದೇ: ಚಾಸಿ ನಂಬರಿನ ಮೇಲೆ ತೆಳ್ಳನೆ ಕಾಗದ ಇಟ್ಟು ಹುಡುಗನೊಬ್ಬ ಪೆನ್ಸಿಲ್ ತಿಕ್ಕಿದ. ಕಪ್ಪಿನ ನಡುವೆ ಬಿಳಿ ಅಕ್ಷರ, ಅಂಕಿಗಳು ಒಂದೊಂದಾಗಿ ಎದ್ದು ಬಂದವು.

ಸುದ್ದಿ ನನಗಿಂತ ಮೊದಲು ಓಣಿ ಮುಟ್ಟಿತ್ತು. ಎದುರುಮನೆಯವರ ಫ್ರಿಜ್ಜು ರಿಪೇರಿಗೆ ಹೋಗಬೇಕು. ಹಿಂದಿನ ಮನೆಯವರಿಗೆ ಮಂಚ ಬರಬೇಕು. "ಗಣಪತಿ ತರಾಕ ಈ ಸಲ ಚಿಂತಿ ಇಲ್ಲ ಬಿಡ್ರಿ ಮಾಸ್ತರ" ಎಂದು ಯುವಕ ಮಂಡಳದವರು ಬಾಡಿಯ ಅಗಲವನ್ನು ಗೇಣಿನಿಂದ ಅಳೆದುಕೊಂಡು ಹೋದರು.

ಗಾಡಿ ಒಪ್ಪಿಸಲು ವ್ಯಾಪಾರಿ ತಾನೇ ಬಂದ. ಕೀಲಿ ಕೊಡುವ ಮೊದಲು ಮುಂದಿನ ಗಾಜಿನ ಹತ್ತಿರ ಅಂಟಿಸಿದ್ದ ದೇವರಗುಡ್ಡದ ಮಾಲತೇಶನ ಫೋಟೋವನ್ನು ಅಂಚು ಹರಿಯದ ಹಾಗೆ ನಿಧಾನ ಬಿಡಿಸಿ ಅಂಗಿಯ ಜೇಬಿಗೆ ಇಳಿಸಿದ. ಅಪ್ಪನೂ ಎತ್ತು ಮಾರಿದರೆ ಕಣ್ಣಿ ಕೊಡುತ್ತಿರಲಿಲ್ಲ. ಕೊಂಡವನು ತನ್ನ ಹಗ್ಗ ತರಬೇಕು. ನಾನು ಏನೂ ಅನ್ನಲಿಲ್ಲ. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ತುಸು ಹೊತ್ತು ನಿಂತು, ಗಂಟಲು ಸರಿ ಮಾಡಿಕೊಂಡ.

"ಸಿಟ್ಟಾಗಬ್ಯಾಡ್ರಿ ಸರ. ಬರೋ ವಾರ ನಮ್ಮ ತಂಗಿ ಮನಿ ಶಿಫ್ಟ್ ಮಾಡ್ತಾಳ್ರಿ. ಬಾಡಿಗಿ ಗಾಡಿಯವ್ರು ಭಾಳ ಕೇಳಾಕತ್ತಾರ. ಒಂದ ದಿನದ ಮಟ್ಟಿಗೆ…"

ನಾನು ಹೆಂಡತಿಯ ಮುಖ ನೋಡಿದೆ.

"ಒಳಗ ಬರ್ರಿ ಅಣ್ಣಾರ, ಚಹಾ ಕುಡದು ಹೋಗ್ರಿ" ಎಂದಳು ಅವಳು. "ಡೀಜಲ್ ಮಾತ್ರ ನೀವ ಹಾಕಿಸ್ಕೋರಿ."