ಪಿಂಚಣಿಯನ್ನು ದುಡಿಮೆ ಎಂದು ಬರೆದ ವರ್ಷ

ಕೆಲವು ವರ್ಷಗಳ ಹಿಂದೆ ಅಮೆರಿಕದ ಜಾರ್ಜಿಯಾದಲ್ಲಿ, ನಮ್ಮ ನೃಪತುಂಗ ಕನ್ನಡ ಕೂಟದ ಯುಗಾದಿಯಲ್ಲಿ ಒಬ್ಬರು, "ರಿಟೈರ್ ಆದ್ಮೇಲೆ ಏನ್ ಮಾಡ್ತಿದೀರಿ ಸಾರ್?" ಎಂದು ಕೇಳಿದರು. "ಸ್ವಂತ ಕನ್ಸಲ್ಟಿಂಗ್. ವರ್ಷಕ್ಕೆ ಮೂವತ್ತು ಸಾವಿರ ಡಾಲರಿಗೆ ಮೋಸವಿಲ್ಲ" ಎಂದೆ. ಪಕ್ಕದಲ್ಲಿ ನಿಂತಿದ್ದ ಹೆಂಡತಿಯೂ ಅದನ್ನೇ ನಂಬಿದ್ದಳು. ಖರ್ಚು ಕಳೆದರೆ ನನ್ನ ದುಡಿಮೆ 9,000 ಡಾಲರ್. ಉಳಿದ 24,000 ಹಳೆಯ ಕಂಪನಿಯಿಂದ ತಿಂಗಳಿಗೆ ಎರಡು ಸಾವಿರದಂತೆ ಬರುವ ಪಿಂಚಣಿ.

ಆ ಸುಳ್ಳನ್ನು ತೆರಿಗೆ ಕಾಗದದಲ್ಲೂ ಬರೆದಿದ್ದೆ. 62 ತುಂಬಿ ಪಿಂಚಣಿ ಶುರುವಾದಾಗ ಎರಡೂ ಹಣ ಒಂದೇ ಖಾತೆಗೆ ಬೀಳುವಂತೆ ಮಾಡಿಕೊಂಡೆ. ಲಾರೆನ್ಸ್‌ವಿಲ್‌ನ ಮನೆಯಲ್ಲಿ ರಿಟರ್ನ್ ತುಂಬಲು ಕೂತಾಗ, ಖಾತೆಗೆ ಬಂದದ್ದನ್ನೆಲ್ಲ ಸ್ವಂತ ವ್ಯವಹಾರದ ಶೆಡ್ಯೂಲ್ ಸಿ ಹಾಳೆಗೆ ಸೇರಿಸಿದೆ. ತಿಳಿಯದೆ ಆಯಿತು ಎಂದು ಬಹಳ ದಿನ ಹೇಳಿಕೊಂಡೆ. ಪಿಂಚಣಿಯ 1099-ಆರ್ ನಮೂನೆ ನನ್ನ ಮುಂದೆಯೇ ಇತ್ತು, ಓದಿಯೂ ಇದ್ದೆ. ಆ ಹಾಳೆಯ ಕೊನೆಯಲ್ಲಿ 33,000 ಎಂಬ ಅಂಕಿಯನ್ನು ನೋಡುವ ಆಸೆ ನನಗಿತ್ತು.

ಆ ಆಸೆ ಎಲ್ಲಿಂದ ಬಂತೆಂದು ಹುಡುಕಿದರೆ ನಮ್ಮೂರು ತಿಪಟೂರಿಗೆ ಹೋಗಿ ನಿಲ್ಲುತ್ತೇನೆ. ಅಪ್ಪ ಹೈಸ್ಕೂಲ್ ಮೇಷ್ಟ್ರು. ನಿವೃತ್ತರಾದ ಮೇಲೆ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ನಡೆದುಹೋಗಿ ಜೀವಿತ ಪ್ರಮಾಣಪತ್ರಕ್ಕೆ ಸಹಿ ಹಾಕಿ ಬರುತ್ತಿದ್ದರು. ಒಮ್ಮೆ ರಜಕ್ಕೆ ಹೋಗಿದ್ದಾಗ ನಾನು, "ಕೂತು ಉಣ್ಣೋ ದುಡ್ಡಿಗೆ ಇಷ್ಟೊಂದು ಓಡಾಟ ಯಾಕಪ್ಪ?" ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. 1982ರ ಡಿಸೆಂಬರ್ 17ರಂದು ನಾಕರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಿಂಚಣಿ ಸರ್ಕಾರ ಕೊಡುವ ದಾನವಲ್ಲ, ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲಬೇಕಾದದ್ದು ಎಂದು ಹೇಳಿದ್ದು ಅವರಿಗೆ ಬಾಯಿಪಾಠವಾಗಿತ್ತು. "ಇದು ನಾನು ಪಾಠ ಮಾಡಿದ್ದು ಕಣೋ. ಈಗ ಕೈಗೆ ಬರ್ತಿದೆ" ಎಂದರು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಸರದಿ ಬಂದಾಗ ಪಿಂಚಣಿದಾರ ಎನಿಸಿಕೊಳ್ಳಲು ನಾಚಿದೆ.

ಕಂಪನಿ ಕೊಟ್ಟೆನೆಂದು ತಿಳಿಸಿದ ಪಿಂಚಣಿ ನಿಮ್ಮ ರಿಟರ್ನಿನಲ್ಲಿ ಕಾಣುತ್ತಿಲ್ಲ ಎಂದು ತೆರಿಗೆ ಇಲಾಖೆಯಿಂದ ನೋಟಿಸ್ ಬಂತು. ಆಗ ಕೂತು ನಿಯಮ ಓದಿದೆ. ಅಮೆರಿಕದ ಕಾನೂನು ಹೇಳುವುದೂ ಅಪ್ಪನ ಮಾತಿಗೆ ಹತ್ತಿರವೇ. ಪಿಂಚಣಿ ಹಳೆಯ ನೌಕರಿಗೆ ಸೇರಿದ್ದು, ಇವತ್ತಿನ ವ್ಯವಹಾರಕ್ಕಲ್ಲ. ಆದಾಯ ತೆರಿಗೆ ಅದಕ್ಕೂ ಉಂಟು. ರಿಟರ್ನಿನ ಮುಖ್ಯ ನಮೂನೆ 1040ರ 5ಬಿ ಸಾಲಿನಲ್ಲಿ ತೋರಿಸಬೇಕು. ಆದರೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗಾಗಿ ಸ್ವಂತ ಉದ್ಯೋಗಿ ಕಟ್ಟುವ ಶೇ. 15.3 ಅದಕ್ಕೆ ತಗಲುವುದಿಲ್ಲ. ಆ ತೆರಿಗೆಯನ್ನು ಲೆಕ್ಕ ಹಾಕುವುದು ಆದಾಯದ ಶೇ. 92.35 ಭಾಗದ ಮೇಲೆ. 24,000ಕ್ಕೆ ಸುಮಾರು 3,390 ಡಾಲರ್ ನಾನು ಕಟ್ಟಬೇಕಿಲ್ಲದೆ ಕಟ್ಟಿದ್ದೆ. ಜಾರ್ಜಿಯಾದಲ್ಲಿ 62ರಿಂದ 64 ವಯಸ್ಸಿನವರಿಗೆ 35,000 ಡಾಲರಿನವರೆಗೆ, 65ರ ನಂತರ 65,000ದವರೆಗೆ ನಿವೃತ್ತಿ ಆದಾಯಕ್ಕೆ ರಾಜ್ಯದ ತೆರಿಗೆ ವಿನಾಯಿತಿ ಇದೆ. ದುಡಿಮೆಯ ಆದಾಯಕ್ಕೆ ಅದರೊಳಗೆ ಸಿಗುವುದು ಸಣ್ಣ ಪಾಲು. ಪಿಂಚಣಿಯನ್ನು ದುಡಿಮೆ ಎಂದು ಬರೆದು ಅದನ್ನೂ ಕಳೆದುಕೊಂಡೆ. ದೊಡ್ಡ ಆದಾಯ ತೋರಿಸಿ ಎಸ್‌ಇಪಿ ನಿವೃತ್ತಿ ಖಾತೆಗೆ ಮಿತಿ ಮೀರಿ ಹಾಕಿದ್ದ ಹಣವನ್ನೂ ತೆಗೆಸಬೇಕಾಯಿತು. ಪಿಂಚಣಿಯ ಲೆಕ್ಕದಲ್ಲಿ ಅಲ್ಲಿ ಹಣ ಕೂಡಿಡಲು ಬರುವುದಿಲ್ಲ.

ಮೂರು ವರ್ಷದೊಳಗೆ 1040-ಎಕ್ಸ್ ಎಂಬ ತಿದ್ದುಪಡಿ ನಮೂನೆ ಸಲ್ಲಿಸಿ ತಿದ್ದಿಕೊಳ್ಳಲು ದಾರಿಯಿದೆ, ಕೊನೆಗೆ ಹಾಗೇ ತಿದ್ದಿದೆ. ಈಗ ಡಬ್ಲ್ಯು-4ಪಿ ನಮೂನೆ ಕೊಟ್ಟು ಪಿಂಚಣಿಯಲ್ಲೇ ಸಾಕಷ್ಟು ತೆರಿಗೆ ಹಿಡಿಸುತ್ತೇನೆ. ಹಾಗೆ ಹಿಡಿದದ್ದನ್ನು ವರ್ಷವಿಡೀ ಸಮನಾಗಿ ಕಟ್ಟಿದಂತೆ ಎಣಿಸುವುದರಿಂದ, ಕನ್ಸಲ್ಟಿಂಗ್‌ನ ತೆರಿಗೆಗೆಂದು ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಯ ಕಂತುಗಳ ಹಿಂದೆ ಓಡಬೇಕಿಲ್ಲ.

ಹಣದ ತಪ್ಪನ್ನು ಹೀಗೆ ಸರಿಪಡಿಸಬಹುದಿತ್ತು. ಆದರೆ ನಾನು ಮೊದಲು ಸಲ್ಲಿಸಿದ್ದು ಜಂಟಿ ರಿಟರ್ನ್. ಎಲ್ಲವೂ ನಿಜ ಎಂಬ ಘೋಷಣೆಯ ಕೆಳಗೆ ಹೆಂಡತಿಯ ಸಹಿಯೂ ಇತ್ತು. ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಓದದೆ, ನನ್ನನ್ನು ನಂಬಿ ಹಾಕಿದ್ದಳು. ಅದು ಹೊಳೆದ ರಾತ್ರಿ ನಿದ್ದೆ ಬರಲಿಲ್ಲ.

ಬೆಳಗ್ಗೆ ನೋಟಿಸು, ಪಾಸ್‌ಬುಕ್ಕಿನ ಲೆಕ್ಕ ಎಲ್ಲ ಅವಳ ಮುಂದಿಟ್ಟು ಹೇಳಿದೆ. ಅವಳು ತುಂಬ ಹೊತ್ತು ಸುಮ್ಮನಿದ್ದು, "ಒಂಬತ್ತು ಸಾವಿರ ಅಂತ ಹೇಳಿದ್ರೆ ನಾನೇನು ಅಂತಿದ್ದೆ ನಿಮಗೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ತಿದ್ದಿದ ರಿಟರ್ನಿಗೂ ಇಬ್ಬರ ಸಹಿ ಬೇಕು. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದಳು, ತಿಳಿಯದ ಕಡೆ ಕೇಳಿದಳು, ಆಮೇಲೆ ಪೆನ್ನು ತೆಗೆದುಕೊಂಡಳು.