ಗೆರೆ ಮತ್ತು ಅಳತೆ

1963ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಅವರು ಬೆಳಕಿನ ಲೇಖನಿಯಿಂದ ಗಣಕಯಂತ್ರದ ತೆರೆಯ ಮೇಲೆ ಗೆರೆ ಎಳೆದು ತೋರಿಸಿದರು. ಎರಡು ಗೆರೆಗಳು ಸಮಾನಾಂತರವಾಗಿರಲೆಂದು ವಿಧಿಸಿದರೆ ಅವರ ‘ಸ್ಕೆಚ್‌ಪ್ಯಾಡ್’ ಅದನ್ನು ಪಾಲಿಸುತ್ತಿತ್ತು. ಇಂದಿನ ಅನೇಕ ವಿನ್ಯಾಸ ತಂತ್ರಾಂಶಗಳು ಇದೇ ತತ್ತ್ವದಿಂದ ನಡೆಯುತ್ತವೆ.

ಹೊಸದಾಗಿ ಕಲಿಯುವವರು ಇವುಗಳಲ್ಲಿ ಯಾವುದನ್ನು ಆರಿಸಬೇಕು? ಮಾಡಬೇಕಾದ ವಸ್ತುವೇ ಅದನ್ನು ನಿರ್ಧರಿಸುತ್ತದೆ. ಮನೆಯ ನಕ್ಷೆಗೆ ಎರಡು ಆಯಾಮಗಳ ಲಿಬ್ರೆಕ್ಯಾಡ್ ಸಾಕು. ಯಂತ್ರದ ಬಿಡಿಭಾಗಕ್ಕೆ ಮೂರು ಆಯಾಮಗಳ ಫ್ರೀಕ್ಯಾಡ್ ಲೇಸು. ಎರಡೂ ಉಚಿತವಾದುದರಿಂದ ಬಡ ವಿದ್ಯಾರ್ಥಿಗೂ ಎಟುಕುತ್ತವೆ.

ಆರಿಸಿದ ಮೇಲೆ ಒಂದರಿಂದ ಇನ್ನೊಂದಕ್ಕೆ ಹಾರದೆ, ಕಂಪಾಸು ಪೆಟ್ಟಿಗೆಯಂಥ ಸಣ್ಣ ವಸ್ತುವನ್ನು ಅಳೆದು, ಅದರ ಮೇಲಿನ, ಮುಂದಿನ, ಪಕ್ಕದ ನೋಟಗಳನ್ನು ಕಾಗದದಲ್ಲಿ ಬರೆದು, ಬಳಿಕ ತೆರೆಗೆ ತರಬೇಕು. ಕೊಟ್ಟ ಅಳತೆಯನ್ನು ಯಂತ್ರ ಮೀರದು; ಆ ಅಳತೆ ಸರಿಯೇ ಎಂಬುದನ್ನು ಅದು ಅರಿಯದು. ಅಳೆಯುವ ಹೊಣೆ ಮನುಷ್ಯನದೇ.