ಸಂಘದ ಕೆಲಸವನ್ನು ಅಳೆಯುವುದು ಹೇಗೆ?

ಕೈಗೆ ಬಂದ ಹಣವೆಲ್ಲ ಲಾಭವಲ್ಲ ಎಂದು ಅಕೌಂಟೆನ್ಸಿ ತರಗತಿಯಲ್ಲಿ ಕಲಿಯುತ್ತೇವೆ. ಸಂಘ-ಸಂಸ್ಥೆಗಳ ವಿಷಯದಲ್ಲೂ ಹೀಗೆಯೇ. ನಡೆದ ಸಭೆಗಳೆಲ್ಲ ಫಲವಲ್ಲ.

ನಮ್ಮ ಮೊಹಲ್ಲಾದಲ್ಲಿ ಬೀಡಿ ಕಟ್ಟುವ ಹೆಂಗಸರ ಒಂದು ಸಂಘವಿದೆ. ನನ್ನ ಅಮ್ಮಿಯೂ ಅದರ ಸದಸ್ಯೆ. ಅವರೆಲ್ಲ ಮಾತಾಡುವುದು ಉರ್ದು. ಆದ್ದರಿಂದ ಕನ್ನಡದಲ್ಲಿ ವಾರ್ಷಿಕ ವರದಿ ಬರೆಯುವ ಕೆಲಸ ಈ ವರ್ಷ ನನಗೆ ಬಂತು. ನಮೂನೆಗಾಗಿ ಹಿಂದಿನ ವರದಿಗಳನ್ನು ಅಮ್ಮಿಗೆ ಓದಿ ಹೇಳಿದೆ. 12 ಸಭೆ, 2 ಆರೋಗ್ಯ ಶಿಬಿರ, ಒಂದು ಸನ್ಮಾನ. ಅಮ್ಮಿ ಕೇಳಿದರು: "ಇದೆಲ್ಲ ಸಂಘ ಮಾಡಿದ್ದು. ನಮಗೆ ಏನಾಯಿತು ಅಂತ ಎಲ್ಲಿದೆ ಬೇಟಾ?"

ಇದೇ ಪ್ರಶ್ನೆಯನ್ನು ಅಹಮದಾಬಾದಿನ 'ಸೇವಾ' ಸಂಘಟನೆ ತನಗೆ ತಾನೇ ಕೇಳಿಕೊಳ್ಳುತ್ತದೆ. ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ಈ ಸಂಘಟನೆಯಲ್ಲಿ ಬೀದಿ ವ್ಯಾಪಾರ ಮಾಡುವವರು, ಬೀಡಿ ಕಟ್ಟುವವರು ಮುಂತಾದ ಬಡ ಹೆಂಗಸರಿದ್ದಾರೆ. ಅಲ್ಲಿ ಕೆಲಸವನ್ನು ಅಳೆಯಲು 11 ಪ್ರಶ್ನೆಗಳಿವೆ. ಸದಸ್ಯರಿಗೆ ಕೆಲಸ ಹೆಚ್ಚಿತೇ? ಆದಾಯ ಹೆಚ್ಚಿತೇ? ಅವರ ಹೆಸರಿನಲ್ಲಿ ಆಸ್ತಿ ಬೆಳೆಯಿತೇ? ಅವರಲ್ಲಿ ನಾಯಕತ್ವ ಬೆಳೆಯಿತೇ? ಹೀಗೆ.

ಅವುಗಳಲ್ಲಿ ಕೆಲವನ್ನು ನಮ್ಮ ಸಂಘದವರಿಗೂ ಕೇಳಿದೆ. ಸಾವಿರ ಬೀಡಿಗೆ ಸಿಗುವ ಮಜೂರಿ ಹೋದ ವರ್ಷದಷ್ಟೇ ಇದೆ. ಆದರೆ ಈಗ ಬೀಡಿ ಕೊಡಲು ಮೂರು ನಾಲ್ಕು ಜನ ಒಟ್ಟಿಗೆ ಹೋಗುತ್ತಾರೆ. ಸರಿಯಿಲ್ಲ ಎಂದು ಏಜೆಂಟ್ ತೆಗೆದಿಡುವ ಬೀಡಿಗಳನ್ನು ಎದುರಿಗೇ ಎಣಿಸುತ್ತಾರೆ. ಹಾಗಾಗಿ ಕಡಿತ ಕಡಿಮೆಯಾಗಿದೆ. ಅಮ್ಮಿಯ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದೆ. ಆದರೆ ಅಧ್ಯಕ್ಷೆ ಊರಿಗೆ ಹೋದರೆ ಸಭೆಯೇ ನಡೆಯುವುದಿಲ್ಲ.

ಇದನ್ನೆಲ್ಲ ಬರೆದು ಸಭೆಯಲ್ಲಿ ಓದಿದೆ. ಸಂಘದ ಹೆಸರು ಕೆಡುತ್ತದೆ, ಕೊನೆಯ ಸಾಲು ತೆಗೆಯಮ್ಮ ಎಂದು ಕೆಲವರು ಹೇಳಿದರು. ಅಧ್ಯಕ್ಷೆಯೇ ಬೇಡವೆಂದರು. "ಬರೆದರೆ ತಾನೇ ಸರಿ ಮಾಡುವುದು" ಎಂದರು. ಮುಂದಿನ ತಿಂಗಳ ಸಭೆಯನ್ನು ಬೇರೊಬ್ಬರು ನಡೆಸಬೇಕೆಂದು ತೀರ್ಮಾನವಾಯಿತು. ಆ ಪಾಳಿ ಅಮ್ಮಿಗೆ ಬಂದಿದೆ. ಅವರಿಗೆ ಸ್ವಲ್ಪ ಭಯವಿದೆ.

ನಮ್ಮ ಕಾಲೇಜಿನಲ್ಲೂ ಶ್ರಮದಾನ, ಜಾಗೃತಿ ಜಾಥಾ ನಡೆಯುತ್ತವೆ. ವರದಿಯಲ್ಲಿ ನೆಟ್ಟ ಸಸಿಗಳ ಸಂಖ್ಯೆ ಇರುತ್ತದೆ. ಮುಂದಿನ ವರ್ಷ ಅದರ ಪಕ್ಕದಲ್ಲಿ ಬದುಕಿರುವ ಗಿಡಗಳ ಸಂಖ್ಯೆಯನ್ನೂ ಬರೆಯೋಣವೇ?